'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿ ಬರೆದ ಟೋಲ್ಕಿನ್ ಅಷ್ಟು ದೊಡ್ಡ ಕಲ್ಪನೆಯ ಲೋಕವನ್ನು ಹೇಗೆ ಕಟ್ಟಿದರು?

ಅವರು ಶುರು ಮಾಡಿದ್ದು ಕಥೆಯಿಂದಲ್ಲ, ಭಾಷೆಯಿಂದ. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಹೊಸ ಭಾಷೆ ಕಟ್ಟುವುದು ಅವರಿಗೆ ಚಿಕ್ಕಂದಿನಿಂದಲೂ ಹುಚ್ಚು. ಫಿನ್ನಿಶ್ ಭಾಷೆಯ ಸದ್ದಿಗೆ ಮನಸೋತು ಕ್ವೆನ್ಯಾ ಅನ್ನುವ ಭಾಷೆ ಕಟ್ಟಿದರು, ವೆಲ್ಶ್‌ನ ದನಿ ಹಿಡಿದು ಸಿಂಡರಿನ್ ಅನ್ನುವ ಇನ್ನೊಂದನ್ನು. ಆ ಭಾಷೆಗಳನ್ನು ಆಡುವ ಜನ ಬೇಕಲ್ವಾ? ಅವರಿಗೊಂದು ನಾಡು, ಚರಿತ್ರೆ ಬೇಕು. ಅವರ ಕಥೆಗಳು ನಡೆಯುವ ಮಿಡ್ಲ್ ಅರ್ಥ್ ಅನ್ನುವ ಲೋಕ ಬೆಳೆದದ್ದು ಹಾಗೆ.

ಗ್ಯಾಂಡಾಲ್ಫ್, ಥೋರಿನ್ ಅನ್ನುವ ಪಾತ್ರಗಳ ಹೆಸರುಗಳೂ ಸುಮ್ನೆ ಹೊಳೆದವಲ್ಲ. ನಾರ್ಸ್ ಅನ್ನುವ ಹಳೆಯ ಸ್ಕ್ಯಾಂಡಿನೇವಿಯಾ ಭಾಷೆಯ ಕವನವೊಂದರಲ್ಲಿ ಕುಳ್ಳರ ಹೆಸರುಗಳ ಪಟ್ಟಿಯೇ ಇದೆ, ಅಲ್ಲಿಂದ ಎತ್ತಿಕೊಂಡರು.

'ದ ಹಾಬಿಟ್' ಅನ್ನುವ ಕಾದಂಬರಿ ಮಾತ್ರ ಬೇರೆ ದಾರಿಯಲ್ಲಿ ಬಂತು. ಪರೀಕ್ಷೆ ಪೇಪರ್ ತಿದ್ದುತ್ತಿದ್ದಾಗ ಯಾರೋ ಒಂದು ಪುಟ ಖಾಲಿ ಬಿಟ್ಟಿದ್ದರು. ನೆಲದೊಳಗಿನ ಬಿಲದಲ್ಲಿ ಒಬ್ಬ ಹಾಬಿಟ್ ಇದ್ದ ಅಂತ ಅದರ ಮೇಲೆ ಗೀಚಿದರು. ಹಾಬಿಟ್ ಅಂದರೆ ಮನುಷ್ಯರಿಗಿಂತ ಚಿಕ್ಕದಾದ ಪುಟ್ಟ ಜನ ಅಂತ ಆಗ ಅವರಿಗೇ ಗೊತ್ತಿರಲಿಲ್ಲ! ಪುಸ್ತಕ 1937ರಲ್ಲಿ ಬಂತು.

ನನಗೆ ಜಾಸ್ತಿ ಇಷ್ಟ ಅವರ ತಿದ್ದುವ ತಾಳ್ಮೆ. 'ಲಾರ್ಡ್ ಆಫ್ ದ ರಿಂಗ್ಸ್'ನ ಮೊದಲ ಕರಡುಗಳಲ್ಲಿ ಕಥೆಯ ಕೊನೆಗೆ ರಾಜನಾಗುವ ಅರಾಗಾರ್ನ್ ಆಗ ರಾಜನಲ್ಲ, ಮನುಷ್ಯನೂ ಅಲ್ಲ. ಮರದ ಪಾದರಕ್ಷೆ ಹಾಕಿದ, ಟ್ರಾಟರ್ ಅನ್ನುವ ಹಾಬಿಟ್. ಯಾವ ರಾತ್ರಿ ಚಂದ್ರ ಎಷ್ಟು ಬೆಳೆದಿರಬೇಕು ಅನ್ನುವುದನ್ನೂ ಅವರು ಲೆಕ್ಕ ಹಾಕಿ ಸರಿಮಾಡಿದ್ದರು.