ಸಿನಿಮಾ ತಾರೆಯರ ಮೇಲೆ ಎಂ.ಎ. ಪ್ರಾಜೆಕ್ಟ್ ಮಾಡಬಹುದಾ?
ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಓದ್ತಾ ತಾರೆಯರ ಮೇಲೆ ಪ್ರಾಜೆಕ್ಟ್ ಮಾಡಿದರೆ ಜನ ನಗಲ್ವಾ ಎಂದು ಕೇಳಿದ್ದೀರಿ. ನಗುವವರು ನಗಲಿ, ಇದು ಗಟ್ಟಿ ವಿಷಯವೇ. ತೆರೆಯ ಮೇಲಿನವರನ್ನು ನಾವು ಗೆಳೆಯರಂತೆ ಹಚ್ಚಿಕೊಳ್ಳುವ ಒಮ್ಮುಖದ ನಂಟಿನ ಬಗ್ಗೆ ಸಮಾಜ ವಿಜ್ಞಾನಿಗಳಾದ ಹಾರ್ಟನ್ ಮತ್ತು ವೋಲ್ 1956ರಲ್ಲೇ ಬರೆದರು. 2010ರಿಂದ ತಾರೆಯರ ಅಧ್ಯಯನಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆಯೂ ಇದೆ. ನಮಗೆ ಜಾಸ್ತಿ ಹತ್ತಿರದ್ದು ತೆಲುಗು ನಟ ಚಿರಂಜೀವಿಯ ಅಭಿಮಾನಿ ಸಂಘಗಳ ಬಗ್ಗೆ ಸಿನಿಮಾ ವಿದ್ವಾಂಸ ಎಸ್.ವಿ. ಶ್ರೀನಿವಾಸ್ ಮಾಡಿದ ಅಧ್ಯಯನ.

ನಟನ ಬದುಕು ಬಿಡಿ, ಅದು ಟಿವಿಯವರಿಗೇ ಇರಲಿ. ಕಟೌಟ್‌ಗೆ ದುಡ್ಡು ಹಾಕಿದ್ದು ಯಾರು? ಹಾಲಿನ ಅಭಿಷೇಕಕ್ಕೆ ಮುಂದೆ ನಿಲ್ಲೋದು ಯಾರು? ಬ್ಯಾನರ್ ಮೂಲೆಯ ಪುಟ್ಟ ಫೋಟೋಗಳಲ್ಲಿ ಇರೋರು ಯಾವ ಓಣಿಯವರು, ಅವರಲ್ಲಿ ಯಾರಾದ್ರೂ ವಾರ್ಡ್ ಚುನಾವಣೆಗೆ ನಿಂತರಾ? ಇದನ್ನು ಕೇಳಿ. ಬಳ್ಳಾರಿಯಲ್ಲಿ ಕನ್ನಡದ ಜೊತೆ ತೆಲುಗು ತಾರೆಯರ ಅಭಿಮಾನಿಗಳೂ ಸಿಗುತ್ತಾರೆ, ಹೋಲಿಸೋಕೆ ಅನುಕೂಲ. ಗೈಡ್ ಮುಖ ಸಿಂಡರಿಸಿದರೆ ಶೀರ್ಷಿಕೆಯಲ್ಲಿ ನಟನ ಹೆಸರು ತೆಗೆದು ‘ಅಭಿಮಾನಿ ಸಂಘಟನೆ’ ಅಂತ ಹಾಕಿ.