ಕನ್ಸರ್ವೇಟಿವ್ ಇರ್ಲಿ, ಮೊದ್ಲು ಬಿಲ್ಡಿಂಗ್ ಯಾವ ವರ್ಷದ್ದು ಅಂತ ಕೇಳು

ಅಣ್ಣ ಅಂತ ಕರ್ದಿದ್ಯ, ಅದಕ್ಕೆ ನಾನೂ ನೀನು ಅಂತಾನೇ ಬರೀತೀನಿ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಮೂರು ತಿಂಗ್ಳಾಯ್ತು, ಇಲ್ಲಿ ಕನ್ಸರ್ವೇಟಿವ್ ಸರ್ಕಾರ ಅಂತೆ, ನಮ್ಮಂಥೋರಿಗೆ ತೊಂದ್ರೆ ಇದ್ಯಾ, ಲೋಕಲ್ ಎಂಎಲ್‌ಎ ಹಿಡಿದ್ರೆ ಪಿಆರ್ (ಇಲ್ಲೇ ಕಾಯಮ್ಮಾಗಿ ಇರೋ ಪರ್ಮಿಷನ್) ಫೈಲ್ ಮುಂದಕ್ಕೆ ಹೋಗುತ್ತಾ ಅಂತ ಕೇಳಿದ್ಯ.

ಎರಡನೇದಕ್ಕೆ ಮೊದ್ಲು ಹೇಳ್ತೀನಿ, ಹೋಗಲ್ಲ. ಎಂಎಲ್‌ಎಗೆ ನಮ್ಮ ಈ ಒಂಟಾರಿಯೋ ಪ್ರಾಂತ್ಯದಲ್ಲಿ ಎಂಪಿಪಿ ಅಂತಾರೆ, ಒಟ್ಟು 124 ಜನ, ಟೊರಾಂಟೋದ ಕ್ವೀನ್ಸ್ ಪಾರ್ಕ್‌ನಲ್ಲಿ ಕೂರ್ತಾರೆ. ಪಿಆರ್ ಒಟ್ಟಾವಾದಲ್ಲಿರೋ ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ ಕೈಲಿರೋದು, ಅದಕ್ಕೆ ನಿನ್ನ ಏರಿಯಾ ಎಂಪಿ ಆಫೀಸು. ಎಂಪಿಪಿ ಆಫೀಸು ಹೆಲ್ತ್ ಕಾರ್ಡು, ಲೈಸೆನ್ಸು, ಬರ್ತ್ ಸರ್ಟಿಫಿಕೇಟು ಇಂಥವು ಸಿಕ್ಕಾಕೊಂಡಾಗ. ಊರಲ್ಲಿ ಅರ್ಜಿ ಹಿಡ್ಕೊಂಡು ಬೆಳಗ್ಗೆ ಆರಕ್ಕೇ ಎಂಎಲ್‌ಎ ಮನೆ ಗೇಟ್ ಮುಂದೆ ನಿಲ್ತೀವಲ್ಲ, ಹಂಗೇನಿಲ್ಲ, ಫೋನ್ ಮಾಡಿದ್ರೆ ಸ್ಟಾಫ್ ಯಾರಾದ್ರೂ ಮಾತಾಡ್ತಾರೆ, ಸಿಟಿಜನ್ ಆಗೋತನಕ ನಿನಗೆ ಓಟಿಲ್ಲ, ಆದ್ರೂ ಕೆಲ್ಸ ಮಾಡ್ಕೊಡ್ತಾರೆ.

ಇನ್ನು ಪಾರ್ಟಿ. ಪೂರ್ತಿ ಹೆಸರು ಪ್ರೋಗ್ರೆಸ್ಸಿವ್ ಕನ್ಸರ್ವೇಟಿವ್, ಅಂದ್ರೆ ಪ್ರಗತಿಪರ ಸಂಪ್ರದಾಯವಾದಿಗಳು, ಮೊದಲ್ನೇ ಸಲ ಕೇಳ್ದಾಗ ನಂಗೆ ನಗು ಬಂದಿತ್ತು. 1943ರಿಂದ 1985ರ ತನಕ 42 ವರ್ಷ ಒಂದೇ ಸಮ ಆಳಿದ್ರು, ಕೊನೆಕೊನೆಗೆ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂಗೆ) ಆಗಿದ್ದ ಬಿಲ್ ಡೇವಿಸ್ ನಿಮ್ಮ ಬ್ರಾಂಪ್ಟನ್‌ನೋರೇ. ಈಗ ಡಗ್ ಫೋರ್ಡ್, 2018ರಲ್ಲಿ 76 ಸೀಟು, 2022ರಲ್ಲಿ 83, 2025ರ ಫೆಬ್ರವರಿಯಲ್ಲಿ 80. ಒಟ್ಟಾವಾದಲ್ಲಿರೋ ಪೊಲಿಯೆವ್ರ್ ಅವರ ಕನ್ಸರ್ವೇಟಿವ್ ಪಾರ್ಟಿ ಬೇರೆ, ಬಣ್ಣ ಎರಡಕ್ಕೂ ನೀಲಿ ಅಷ್ಟೆ, 2025ರ ಫೆಡರಲ್ ಎಲೆಕ್ಷನ್‌ನಲ್ಲಿ ಫೋರ್ಡ್ ಆ ಪಾರ್ಟಿ ಪರ ಪ್ರಚಾರಕ್ಕೇ ಹೋಗ್ಲಿಲ್ಲ. ನಮ್ಮೂರಿನ ಪಾರ್ಟಿ ತಂದು ಇದರ ಮೇಲೆ ಅಂಟಿಸ್ಬೇಡ, ಟ್ರಂಪ್‌ನೂ ಬೇಡ. ಬ್ರಾಂಪ್ಟನ್‌ನ ಐದೂ ಎಂಪಿಪಿ ಸೀಟು 2022ರಲ್ಲೂ 2025ರಲ್ಲೂ ಫೋರ್ಡ್ ಪಾರ್ಟಿದೇ, ಟ್ರಾನ್ಸ್‌ಪೋರ್ಟ್ ಮಿನಿಸ್ಟರ್ ಪ್ರಭ್‌ಮೀತ್ ಸರ್ಕಾರಿಯಾ ಬ್ರಾಂಪ್ಟನ್ ಸೌತ್‌ನಿಂದ ಗೆದ್ದೋರು. ವಲಸೆ ಬಂದೋರ ಓಟಿಲ್ದೆ ಇವರಿಗೆ ನಡಿಯಲ್ಲ. (ಪಾರ್ಲಿಮೆಂಟಲ್ಲಿ ಕನ್ನಡ ಮಾತಾಡಿದ್ರಲ್ಲ ಶಿರಾ ತಾಲ್ಲೂಕಿನ ಚಂದ್ರ ಆರ್ಯ, ಅವರು ಆಗ ಇದ್ದಿದ್ದು ಎದುರಾಳಿ ಲಿಬರಲ್ ಪಾರ್ಟೀಲಿ, ಅದೂ ಫೆಡರಲ್ ಎಂಪಿ ಆಗಿ. ಎಲ್ರೂ ಗೊಂದಲ ಮಾಡ್ಕೋತಾರೆ.)

ತೊಂದ್ರೆ ಇದ್ಯಾ ಅಂದ್ರೆ ನೀನು ಅಂದ್ಕೊಂಡಿರೋ ಕಡೆ ಇಲ್ಲ, ಬಾಡಿಗೇಲಿದೆ. 2018ರ ನವೆಂಬರ್ 15 ಆದ್ಮೇಲೆ ಮೊದಲ್ನೇ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಬಾಡಿಗೆ ಏರಿಕೆ ಮಿತಿ ಇಲ್ಲ ಅಂತ ಫೋರ್ಡ್ ಸರ್ಕಾರ ಬಂದ ವರ್ಷಾನೇ ಮಾಡ್ತು, ಬಿಲ್ಡರ್‌ಗಳು ಜಾಸ್ತಿ ಕಟ್ಲಿ ಅನ್ನೋದು ಅವರ ವಾದ. ನಂಗೆ ಗೊತ್ತೇ ಇರ್ಲಿಲ್ಲ, 2022ರಲ್ಲಿ ಹೊಚ್ಚ ಹೊಸ ಕಾಂಡೋ, ಜಿಮ್ಮು ಗಿಮ್ಮು ನೋಡಿ ಖುಷಿಯಾಗಿ ಹೋದೆ, ವರ್ಷ ತುಂಬ್ತಿದ್ದಂಗೆ ಓನರ್ ತಿಂಗಳಿಗೆ 400 ಡಾಲರ್ ಏರಿಸ್ದ, ಅದೇ ಹೊತ್ತಿಗೆ ಹಳೇ ಬಿಲ್ಡಿಂಗಲ್ಲಿದ್ದ ನಮ್ಮ ಮಂಡ್ಯದ ಫ್ರೆಂಡ್‌ಗೆ ಏರಿದ್ದು ಬರೀ ಶೇಕಡಾ 2.5, ನಾನು ಕಾನೂನು ಮಾತಾಡೋಕೆ ಹೋಗಿ ಮಂಗ ಆದೆ. ಹಂಗಂತ ಇವರಿಗೆ ಓಟು ಹಾಕ್ಲಿಲ್ವಾ ಅಂದ್ರೆ ಹಾಕಿದ್ದೀನಿ, ನಂಬರ್ ಪ್ಲೇಟ್ ಸ್ಟಿಕ್ಕರ್ ಫೀಸ್ ತೆಗೆದ್ರು, 413 ಅಂತ ಹೊಸ ಹೈವೇ ಮಾಡ್ತೀವಿ ಅಂದ್ರು, ದಿನಾ ಟ್ರಾಫಿಕ್ಕಲ್ಲಿ ಕೂರೋನಿಗೆ ಅಷ್ಟು ಸಾಕಾಯ್ತು. ಟೋಲ್ ಕಟ್ಟಿ ಸಾಯ್ತೀವಲ್ಲ 407 ಹೈವೇ, ಅದನ್ನ 1999ರಲ್ಲಿ 99 ವರ್ಷಕ್ಕೆ ಲೀಸ್ ಕೊಟ್ಟಿದ್ದೂ ಇದೇ ಪಾರ್ಟಿ, ಮೈಕ್ ಹ್ಯಾರಿಸ್ ಕಾಲದಲ್ಲಿ!

ಎಂಪಿಪಿಗಳ ಬಗ್ಗೆ ಇನ್ನೊಂದು ಹೇಳ್ಬೇಕು. ರೆಸಾರ್ಟ್ ರಾಜಕೀಯ ನೋಡಿ ಬೆಳೆದಿರೋ ನಮಗೆ ಇಲ್ಲಿ ಸಪ್ಪೆ ಅನ್ಸುತ್ತೆ. 2020ರಲ್ಲಿ ಕೋವಿಡ್ ಬಿಲ್ ವಿರುದ್ಧ ಓಟು ಹಾಕಿದ್ರು ಅಂತ ಬೆಲಿಂಡಾ ಕರಹಾಲಿಯೋಸ್ ಅನ್ನೋರನ್ನ ಪಾರ್ಟಿ ಗುಂಪಿಂದ ಹೊರಗೆ ಹಾಕಿದ್ರು, 2021ರಲ್ಲಿ ಲಾಕ್‌ಡೌನ್ ಬೇಡ ಅಂದಿದ್ದಕ್ಕೆ ರೋಮನ್ ಬೇಬರ್ ಅವರನ್ನೂ. ಆದ್ರೆ ಸೀಟು ಹೋಗ್ಲಿಲ್ಲ, ಬೇರೆ ಕಡೆ ಕುರ್ಚಿ ಹಾಕ್ಕೊಂಡು ಮುಂದುವರಿದ್ರು, ಪಕ್ಷಾಂತರ ಕಾಯ್ದೆ ಅಂತ ಇಲ್ಲಿಲ್ಲ. ಆದ್ರೂ ಪಾರ್ಟಿಯಿಂದ ಹೊರಗೆ ಹಾಕ್ತಾರಲ್ಲ, ಅದಕ್ಕೇ ಎಂಪಿಪಿಗಳು ನಾಯಕರಿಗೆ ಎದುರು ಮಾತಾಡೋದು ಅಪರೂಪ, ಫೋರ್ಡ್ ಹೇಳಿದ್ದಕ್ಕೆ ಹೂಂ ಅನ್ನೋರೇ ಜಾಸ್ತಿ.

ಈ ಶನಿವಾರ ಮನೆ ನೋಡೋಕೆ ಹೋಗ್ತೀನಿ ಅಂದ್ಯಲ್ಲ, ಬೇಸ್ಮೆಂಟ್ ಆದ್ರೂ ಅಷ್ಟೆ, ಅದು ಯಾವಾಗ ಮಾಡ್ಸಿದ್ದು, ಮೊದ್ಲು ಯಾರಾದ್ರೂ ಬಾಡಿಗೆಗಿದ್ರಾ ಕೇಳು, ಸೈನ್ ಹಾಕೋಕ್ ಮುಂಚೆ ಲೀಸ್ ಫೋಟೋ ಹೊಡ್ದು ನಂಗೆ ಕಳ್ಸು.