ಹಸಿರಾದ ಸೈಡಿಂಗ್ ತೊಳೆಯೋದು ಹೇಗೆ?

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. ಪ್ರೆಶರ್ ವಾಷರ್ ಕೊಳ್ಳಬೇಡಿ.

ನೀವು ಬರೆದದ್ದು ಇಷ್ಟು: ಮೈಸೂರಿನಿಂದ ನಾರ್ತ್ ಕ್ಯಾರೊಲೈನಾದ ಕ್ಯಾರಿಗೆ ಬಂದು ಮನೆ ಕೊಂಡಿದ್ದೀರಿ. ಉತ್ತರದ ಕಡೆಯ ವಿನೈಲ್ ಸೈಡಿಂಗ್, ಅಂದರೆ ಹೊರಗೋಡೆಯ ಪ್ಲಾಸ್ಟಿಕ್ ಹೊದಿಕೆ, ಹಸಿರಾಗಿದೆ. ತೊಳೆಸಿ ಅಂತ ಎಚ್‌ಒಎಯಿಂದ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಕಾಗದ ಬಂದಿದೆ. ಯಜಮಾನರು ಮೆಷಿನ್ ತಂದು ಜೋರಾಗಿ ನೀರು ಹೊಡೆಯೋಣ ಅಂತಾರೆ, ಊರಿನಿಂದ ಅತ್ತೆ ಬಣ್ಣ ಹೊಡೆಸಿಬಿಡಿ ಅಂತಾರೆ. ಸದ್ಯಕ್ಕೆ ಎರಡೂ ಬೇಡ. ಒಂದು ಬಕೆಟ್, ಒಂದು ಮೆತ್ತನೆಯ ಬ್ರಷ್, ತೋಟದ ಹೋಸ್ ಪೈಪ್, ವಿನೆಗರ್. ಇಷ್ಟಿದ್ದರೆ ಒಂದು ಶನಿವಾರದ ಕೆಲಸ.

ಸೈಡಿಂಗನ್ನು ಗೋಡೆ ಅಂದುಕೊಳ್ಳೋದರಿಂದಲೇ ತೊಂದರೆ ಶುರುವಾಗೋದು. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಗಾಳಿ ಬೀಸುವ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಬಿದ್ದ ಮಳೆಯನ್ನು ತಟ್ಟಿ ಜಾರಿಸಿಬಿಡುತ್ತದೆ, ಒಳಗಿನ ಗೋಡೆ ಉಳಿಯುತ್ತದೆ. ವಿನೈಲ್ ಸೈಡಿಂಗ್ ಕೂಡ ಅಂಥದ್ದೇ ಒಂದು ಹೊದಿಕೆ, ಪಿವಿಸಿಯದು. ಮಳೆ ನೀರನ್ನು ಪೂರ್ತಿ ತಡೆಯೋದು ಅದರ ಕೆಲಸ ಅಲ್ಲ. ಸ್ವಲ್ಪ ನೀರು ಹಿಂದೆ ಹೋಗೇ ಹೋಗುತ್ತದೆ. ಅದನ್ನು ತಡೆಯೋಕೆ ಹಿಂದೆ ಹೌಸ್ ರ‍್ಯಾಪ್ ಹಾಳೆ ಸುತ್ತಿರುತ್ತಾರೆ. ಸೈಡಿಂಗಿನ ಒಂದೊಂದು ಉದ್ದ ಪಟ್ಟಿಗೆ ಪ್ಯಾನಲ್ ಅಂತಾರೆ. ಅದರ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ಬಗ್ಗಿ ನೋಡಿ. ಒಳಗೆ ಹೋದ ನೀರು ಅಲ್ಲಿಂದ ಇಳಿದುಹೋಗಬೇಕು. ಇರುವೆ ಬರುತ್ತೆ ಅಂತ ಕೆಲವರು ಅವನ್ನೆಲ್ಲ ಕಾಲ್ಕ್ ಅನ್ನೋ ಸಂದಿ ಮುಚ್ಚುವ ಅಂಟು ಹಾಕಿ ಮುಚ್ಚಿಬಿಡುತ್ತಾರೆ. ಆಮೇಲೆ ಒಳಗಿನ ಮರದ ಹಲಗೆ ಸುಮ್ನೆ ಕೊಳೆಯುತ್ತಾ ಕೂರುತ್ತದೆ, ಹೊರಗಿನಿಂದ ಏನೂ ಗೊತ್ತಾಗೋದಿಲ್ಲ.

ಇನ್ನೊಂದು ವಿಷಯ. ಒಂದು ಪ್ಯಾನಲ್ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಸರಿಸಿ ನೋಡಿ. ಸ್ವಲ್ಪ ಆಡುತ್ತದೆ. ಹಾಗೆ ಆಡಲೇಬೇಕು. 12 ಅಡಿ ಉದ್ದದ ಪ್ಯಾನಲ್ ಚಳಿಗೂ ಬಿಸಿಲಿಗೂ ಅರ್ಧ ಇಂಚಿನಷ್ಟು ಕುಗ್ಗಿ ಹಿಗ್ಗುತ್ತದೆ. ಅದಕ್ಕೇ ಮೊಳೆಯ ತೂತು ಉದ್ದವಾಗಿರುತ್ತದೆ, ಮೊಳೆಯನ್ನೂ ಬಿಗಿಯಾಗಿ ಹೊಡೆಯೋದಿಲ್ಲ. ಅಂದರೆ ಪ್ಯಾನಲ್ ಮೊಳೆಗೆ ತೂಗುಹಾಕಿಕೊಂಡಿರುತ್ತದೆ, ಅಷ್ಟೇ. ಆಡುತ್ತೆ ಅಂತ ಯಾರಾದರೂ ನಾಲ್ಕು ಮೊಳೆ ಬಿಗಿದರೆ ಜುಲೈ ಬಿಸಿಲಿಗೆ ಅದು ಉಬ್ಬಿ ಅಲೆ ಅಲೆಯಾಗುತ್ತದೆ.

ಈಗ ಪ್ರೆಶರ್ ವಾಷರ್ ಯಾಕೆ ಬೇಡ ಅಂದೆ ಅನ್ನೋದು ಗೊತ್ತಾಗಿರಬೇಕು. ಮೇಲಿನಿಂದ ಬರುವ ಮಳೆಗೆ ಅಂತ ಮಾಡಿರುವ ಹೊದಿಕೆಗೆ ನೀವು ಕೆಳಗೆ ನಿಂತು ಮೇಲ್ಮುಖವಾಗಿ ಬಿರುಸಿನ ನೀರು ಹೊಡೆದರೆ, ಪ್ಯಾನಲ್ ಸಂದಿಯಿಂದ ಅದು ನೇರ ಹಿಂದಕ್ಕೆ ನುಗ್ಗುತ್ತದೆ. ಎರಡನೇ ಮಹಡಿಗೆ ಹೊಡೆಯುವಾಗ ಆಗೋದೇ ಇದು. ಕೊಳ್ಳಲೇಬೇಕು ಅಂತ ಯಜಮಾನರ ಹಟವಾದರೆ ಬಿಳಿ ನಾಜಲ್ ಮಾತ್ರ ಹಾಕಲಿ, ಅದು ನೀರನ್ನು ಅಗಲವಾಗಿ ಹರಡುತ್ತದೆ. ಕೆಂಪು ನಾಜಲ್ ನೀರನ್ನು ಒಂದೇ ಗೆರೆಯಲ್ಲಿ ಹೊಡೆಯುತ್ತದೆ, ಸೈಡಿಂಗ್ ಸೀಳಿಬಿಡುತ್ತದೆ. ಕಣ್ಣಿನ ಮಟ್ಟದಲ್ಲಿ ನೇರವಾಗಿ ಹಿಡಿಯಬೇಕು. ಕಿಟಕಿ, ದೀಪ, ಕರೆಂಟ್ ಔಟ್‌ಲೆಟ್ ಹತ್ತಿರ ಹೋಗಬಾರದು.

ತೊಳೆಯೋಕೆ ಈಗಲೇ ಹೊರಡಬೇಡಿ. ನಿಮ್ಮದು ಇಲ್ಲಿ ಮೊದಲ ವಸಂತ ಅಲ್ವಾ, ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಪೈನ್ ಮರದ ಪರಾಗ ಬೀಳೋದನ್ನು ನೋಡಿ. ಕಾರು, ಡೆಕ್, ಮಕ್ಕಳ ಸೈಕಲ್, ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ. ಅದು ಮುಗಿಯೋ ಮುಂಚೆ ತೊಳೆದವರು ಎರಡು ಸಲ ತೊಳೆಯುತ್ತಾರೆ. ಪರಾಗಕ್ಕೆ ಬರೀ ಹೋಸ್ ನೀರು ಸಾಕು. ಹಸಿರು ಮಾತ್ರ ಪಾಚಿ. ಉತ್ತರದ ಗೋಡೆಗೆ ಬಿಸಿಲಿಲ್ಲ, ಇಲ್ಲಿನ ಬೇಸಿಗೆಯ ಹವೆಯಲ್ಲಿ ತೇವ ಜಾಸ್ತಿ, ಗೋಡೆಗೆ ಒತ್ತಿಕೊಂಡು ಪೊದೆ ಬೆಳೆದಿದ್ದರೆ ಇನ್ನೂ ಜಾಸ್ತಿ. ಪೊದೆಯನ್ನು ಗೋಡೆಯಿಂದ ಒಂದೆರಡು ಅಡಿ ದೂರಕ್ಕೆ ಕತ್ತರಿಸಿ. ಗಾಳಿಯಾಡಿದರೆ ಪಾಚಿ ಅಷ್ಟು ಬೇಗ ಮತ್ತೆ ಬರೋದಿಲ್ಲ.

ಮೇ ತಿಂಗಳಲ್ಲಿ ಮೋಡ ಇರುವ ಒಂದು ದಿನ ಹಿಡಿಯಿರಿ. ಬಿಸಿಲಿಗೆ ಕಾದ ಗೋಡೆಯ ಮೇಲೆ ಸೋಪು, ವಿನೆಗರ್ ಏನು ಹಾಕಿದರೂ ಉಜ್ಜುವ ಮುಂಚೆಯೇ ಒಣಗಿ ಕಲೆಯಾಗುತ್ತದೆ. ಅಳತೆ ಹೀಗೆ: 10 ಲೋಟಕ್ಕೆ 3 ಲೋಟ ಬಿಳಿ ವಿನೆಗರ್, 7 ಲೋಟ ನೀರು. ಉದ್ದ ಹಿಡಿಯ, ಕಾರು ತೊಳೆಯುವ ಥರದ ಮೆತ್ತನೆಯ ಬ್ರಷ್ ತನ್ನಿ. ಮೊದಲು ಗೋಡೆ ನೆನೆಸಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಉಲ್ಟಾ ಹೇಳುತ್ತಿದ್ದೇನೆ ಅನ್ನಿಸಬಹುದು. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಇನ್ನೂ ಉಜ್ಜದ ಗೋಡೆಯ ಮೇಲೆ ಗೆರೆ ಗೆರೆಯಾಗಿ ಇಳಿದು, ಆ ಗೆರೆ ತೆಗೆಯೋದು ಕಷ್ಟ. ಒಂದೊಂದು ಭಾಗ ಮುಗಿದ ಹಾಗೆ ಮೇಲಿನಿಂದ ಕೆಳಕ್ಕೆ ಚೆನ್ನಾಗಿ ನೀರು ಬಿಟ್ಟು ತೊಳೆಯಿರಿ.

ವಿನೆಗರ್‌ಗೆ ಬಗ್ಗದ ಕಪ್ಪು ಬೂಷ್ಟು ಇದ್ದರೆ, ವಿನೆಗರ್ ಪೂರ್ತಿ ತೊಳೆದುಹೋಗಿ ಗೋಡೆ ಒಣಗಿದ ಮೇಲೆ, ಬೇರೆ ದಿನ, ಬಟ್ಟೆಗೆ ಹಾಕುವ ಬ್ಲೀಚ್, 1 ಪಾಲು ಬ್ಲೀಚಿಗೆ 4 ಪಾಲು ನೀರು. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಬುಡದ ಗಿಡಗಳಿಗೆ ಮೊದಲೇ ನೀರು ಹಾಕಿ ನೆನೆಸಿಡಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ: ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಸೇರಿಸಬೇಡಿ. ಒಂದೇ ಬಕೆಟ್ಟಿನಲ್ಲೂ ಬೇಡ, ಒಂದರ ಮೇಲೊಂದು ಗೋಡೆಗೂ ಬೇಡ. ಕ್ಲೋರಿನ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೆ ವಿಷ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಸೇರಬಾರದು.

ಪಾತ್ರೆ ತಿಕ್ಕುವ ಸ್ಟೀಲ್ ನಾರು ಹೊರಗೆ ತರಲೇಬೇಡಿ. ಗೋಡೆಗೆ ಬೆರಳು ಒರೆಸಿದರೆ ಬಿಳಿ ಪುಡಿ ಅಂಟಿತಾ? ಹಳೆಯ ವಿನೈಲ್ ಬಿಸಿಲಿಗೆ ಹಾಗೆ ಪುಡಿ ಬಿಡುತ್ತದೆ, ಗಾಬರಿ ಬೇಡ. ಆದರೆ ಒಂದೇ ಜಾಗ ಜೋರಾಗಿ ಉಜ್ಜಿದರೆ ಅಲ್ಲಿ ಮಾತ್ರ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ.

ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಕಲೆಯಿದೆ. ಅಡುಗೆಮನೆಯ ಎಕ್ಸಾಸ್ಟ್ ಹೊರಗೆ ಬರುವ ಜಾಗದ ಕೆಳಗೆ ನೋಡಿ. ಒಗ್ಗರಣೆ, ದೋಸೆ, ಪೂರಿಯ ಎಣ್ಣೆಯೆಲ್ಲ ಹಳದಿ ಅಂಟಾಗಿ ಸೈಡಿಂಗ್ ಮೇಲೆ ಇಳಿದಿರುತ್ತದೆ, ಅದರ ಮೇಲೆ ಧೂಳು ಕೂತು ಕಂದು ಗೆರೆ. ಅದಕ್ಕೆ ವಿನೆಗರ್ ಅಲ್ಲ, ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್. ಅಂಗಡಿಯ ಘಾಟು ಗ್ರೀಸ್ ರಿಮೂವರ್ ಬೇಡ, ಉಗುರು ಬಣ್ಣ ತೆಗೆಯೋದಂತೂ ಬೇಡವೇ ಬೇಡ. ವಿನೈಲ್ ಮೇಲ್ಮೈಯೇ ಹಾಳಾಗುತ್ತದೆ. ಒಳಗಿನ ಹುಡ್ ಫಿಲ್ಟರ್ ಆಗಾಗ ತೊಳೆದರೆ ಹೊರಗಿನ ಕೆಲಸ ಅರ್ಧ ಉಳಿಯುತ್ತದೆ.

ಬುಡದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ, ಉಗುರಿನಲ್ಲಿ ಕೆರೆದರೂ ಬಾರದಿದ್ದರೆ, ಅದು ಕೊಳೆಯಲ್ಲ. ಗಿಡದ ಬುಡಕ್ಕೆ ಹರಡುವ ಮರದ ಚೂರಿನಲ್ಲಿ, ಅಂದರೆ ಮಲ್ಚ್‌ನಲ್ಲಿ, ಬೆಳೆಯುವ ಆರ್ಟಿಲರಿ ಫಂಗಸ್ ಅನ್ನೋ ಶಿಲೀಂಧ್ರ. ಬೀಜದ ಉಂಡೆಯನ್ನು ಬೆಳಕಿನ ಕಡೆಗೆ ಪಿರಂಗಿಯಂತೆ ಹಾರಿಸುತ್ತದೆ, ತಿಳಿ ಬಣ್ಣದ ಗೋಡೆ ಅಂದರೆ ಅದಕ್ಕೆ ಪ್ರೀತಿ. ಅಂಟಿಕೊಂಡ ಮೇಲೆ ತೆಗೆಯೋದು ತುಂಬಾ ಕಷ್ಟ. ಗೋಡೆಗೆ ಹತ್ತಿರದ ಮಲ್ಚ್ ತೆಗೆಸಿ ಜಲ್ಲಿ ಹಾಕಿಸಿ, ಅದೇ ಒಳ್ಳೆಯ ದಾರಿ. ಮಲ್ಚ್ ಗೋಡೆಗೆ ತಾಗಿಕೊಂಡಿದ್ದರೆ ಗೆದ್ದಲಿಗೂ ಆಹ್ವಾನ ಕೊಟ್ಟಂತೆ.

ಬೆಂಕಿಯ ವಿಷಯಕ್ಕೆ ಬಂದರೆ, ಗ್ರಿಲ್ ಗೋಡೆಯಿಂದ 10 ಅಡಿ ದೂರ ಇರಲಿ. ದೀಪಾವಳಿಯ ಸುರುಸುರುಬತ್ತಿಯೂ ಹಾಗೇ. ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ವಿನೈಲ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಗ್ರಿಲ್ ಇಡದೆಯೂ ಗೋಡೆ ಕರಗಿದ್ದರೆ ಎದುರು ಮನೆಯ ಕಿಟಕಿ ನೋಡಿ. ಈಗಿನ ಲೋ-ಇ ಗಾಜಿನಿಂದ (ಶಾಖ ತಡೆಯುವ ಲೇಪನದ ಗಾಜು) ಬಿಸಿಲು ಪ್ರತಿಫಲಿಸಿ ಪಕ್ಕದ ಮನೆ ಸೈಡಿಂಗ್ ಕರಗಿಸೋದು ಇಲ್ಲಿ ಗೊತ್ತಿರುವ ಸಂಗತಿಯೇ. ಆ ಕಿಟಕಿಗೆ ಹೊರಗಿನಿಂದ ಮೆಶ್ ಸ್ಕ್ರೀನ್ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ. ಪಕ್ಕದವರ ಹತ್ತಿರ ಜಗಳ ಆಡಬೇಡಿ, ಅವರಿಗೆ ಗೊತ್ತೇ ಇರೋದಿಲ್ಲ.

ಗೃಹಪ್ರವೇಶದ ತೋರಣಕ್ಕೆ, ದೀಪಾವಳಿ ಸೀರಿಯಲ್ ಸೆಟ್ಟಿಗೆ ಸೈಡಿಂಗ್ ಮೇಲೆ ಮೊಳೆ ಹೊಡೆಯುವವರನ್ನು ನೋಡಿದರೆ ನನಗೆ ಸಂಕಟ. ಪ್ಯಾನಲ್ ಸಂದಿಗೆ ಸಿಕ್ಕಿಸುವ ಪುಟ್ಟ ಸ್ಟೀಲ್ ಹುಕ್‌ಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಅಗ್ಗ. ತೂತು ಬೀಳೋದಿಲ್ಲ, ಹಬ್ಬ ಮುಗಿದ ಮೇಲೆ ಕಿತ್ತಿಡಬಹುದು.

ಬಣ್ಣದ ವಿಷಯ ಅತ್ತೆಗೆ ಹೀಗೆ ಹೇಳಿ: ವಿನೈಲ್‌ನಲ್ಲಿ ಬಣ್ಣ ಪ್ಲಾಸ್ಟಿಕ್ ಒಳಗೇ ಇರುತ್ತದೆ. ಬಳಿದರೆ ಬಳಿಯಬಹುದು, ಆದರೆ ಒಮ್ಮೆ ಶುರು ಮಾಡಿದರೆ ಕೆಲವು ವರ್ಷಕ್ಕೊಮ್ಮೆ ಬಳಿಯುತ್ತಲೇ ಇರಬೇಕು. ಮೊದಲಿಗಿಂತ ಗಾಢ ಬಣ್ಣ ಹಾಕಿದರೆ ಬಿಸಿಲು ಹೀರಿ ಪ್ಯಾನಲ್ ಉಬ್ಬುತ್ತದೆ, ಅದಕ್ಕೆಂದೇ ಮಾಡಿದ ಬಣ್ಣವಾದರೆ ಮಾತ್ರ ಸರಿ. ಒಂದು ಪ್ಯಾನಲ್ ಒಡೆದಿದ್ದರೆ ಅದೊಂದನ್ನೇ ಬದಲಿಸಬಹುದು. ಝಿಪ್ ಟೂಲ್ ಅನ್ನೋ ಕೊಕ್ಕೆಯಿಂದ ಮೇಲಿನ ಪ್ಯಾನಲ್‌ನ ಬೀಗ ಬಿಡಿಸಿ ತೆಗೆಯುತ್ತಾರೆ. ಹಳೆಯ ಮಾಲೀಕರು ಗ್ಯಾರೇಜಿನಲ್ಲಿ ಉಳಿದ ಪ್ಯಾನಲ್ ಬಿಟ್ಟು ಹೋಗಿದ್ದರೆ ಬಿಸಾಡಬೇಡಿ, ಆ ಬಣ್ಣ ಮತ್ತೆ ಸಿಗುತ್ತೆ ಅಂತ ಇಲ್ಲ.

ಎರಡನೇ ಮಹಡಿಗೆ ಏಣಿ ಹತ್ತಬೇಡಿ, ಮನೆಗೆ ಬರುವ ಕರೆಂಟ್ ತಂತಿ ಅಲ್ಲೇ ಇರಬಹುದು. ಅಷ್ಟಕ್ಕೆ ಜನ ಕರೆಸಿ. ಕೇಳುವಾಗ ‘ಸಾಫ್ಟ್ ವಾಷ್’, ಅಂದರೆ ಕಡಿಮೆ ಒತ್ತಡದಲ್ಲಿ ತೊಳೆಯೋದು, ಅಂತಲೇ ಕೇಳಿ, ಇನ್ಶೂರೆನ್ಸ್ ಇದೆಯಾ ಅಂತಲೂ ಕೇಳಿ. ಕೆಲವು ನೂರು ಡಾಲರ್ ಆಗುತ್ತದೆ. ನಿಮ್ಮದು ಸಾಲಾಗಿ ಅಂಟಿಕೊಂಡ ಟೌನ್‌ಹೌಸ್ ಆಗಿದ್ದರೆ ಮೊದಲು ಎಚ್‌ಒಎ ಪತ್ರಗಳನ್ನು ಓದಿ. ಎಷ್ಟೋ ಕಡೆ ಹೊರಗೋಡೆ ತೊಳೆಸೋದು ಅವರದೇ ಜವಾಬ್ದಾರಿ, ನಿಮ್ಮ ತಿಂಗಳ ದುಡ್ಡಿನಲ್ಲೇ ಸೇರಿರುತ್ತದೆ. ಬಿಡಿಯಾಗಿ ನಿಂತ ಮನೆಯಾದರೆ ಕಾಗದಕ್ಕೆ ಈವತ್ತೇ ಒಂದು ಇಮೇಲ್ ಹಾಕಿ: ಪರಾಗದ ಕಾಲ ಮುಗಿದ ಮೇಲೆ, ಇಂಥ ವಾರ ತೊಳೆಸುತ್ತೇವೆ, ಅಲ್ಲಿಯವರೆಗೆ ಸಮಯ ಕೊಡಿ. ತಾರೀಕು ಬರೆದು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ತೊಳೆದ ಮೇಲೆ ಆ ಗೋಡೆಯ ಫೋಟೊ ತೆಗೆದು ಕಳಿಸಿಬಿಡಿ.